"ಎಷ್ಟು ಬಿಟ್ಟಾರಂತೆ?": ತುಂಗಭದ್ರೆಯ ನೀರು ಅಳೆದವರ ಕಥೆ

ಜುಲೈ ಕೊನೆ, ಆಗಸ್ಟ್ ಮೊದಲ ವಾರ ಬಂತೆಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಎಷ್ಟು ಬಿಟ್ಟಾರಂತೆ?"

ಯಾರು ಬಿಟ್ಟರು, ಏನು ಬಿಟ್ಟರು ಅಂತ ಯಾರೂ ಕೇಳುವುದಿಲ್ಲ. ಬಿಟ್ಟವರು ಡ್ಯಾಮಿನವರು, ಬಿಟ್ಟಿದ್ದು ನೀರು. ಹೊಸಪೇಟೆಯ ಚಹಾ ಅಂಗಡಿಯಿಂದ ಕಂಪ್ಲಿಯ ಬಸ್ ಸ್ಟ್ಯಾಂಡಿನವರೆಗೆ ಇದೇ ಮಾತು. ಉತ್ತರವೂ ಚಿಕ್ಕದು: "ಒಂದು ಇಪ್ಪತ್ತು." ಅಂದರೆ ಒಂದು ಲಕ್ಷದ ಇಪ್ಪತ್ತು ಸಾವಿರ ಕ್ಯೂಸೆಕ್.

ಅಷ್ಟು ಕೇಳಿದ ಕೂಡಲೇ ಕಂಪ್ಲಿ ಕೋಟೆಯ ಮನೆಗಳಲ್ಲಿ ಸಾಮಾನು ಎತ್ತಿಡುವ ಮಾತು ಶುರುವಾಗುತ್ತದೆ. ಗಂಗಾವತಿಗೆ ಹೋಗಬೇಕಾದವರು ಸುತ್ತು ದಾರಿಯ ಲೆಕ್ಕ ಹಾಕುತ್ತಾರೆ. ದಂಡೆಯ ರೈತ ಪಂಪ್‌ಸೆಟ್ ಮೋಟರ್ ಬಿಚ್ಚಿ ಮೇಲೆ ತರಲು ಹೊರಡುತ್ತಾನೆ.

ಈ ಲೆಕ್ಕ ನಮ್ಮ ಜನ ಎಲ್ಲಿ ಕಲಿತರು? ಶಾಲೆಯಲ್ಲಂತೂ ಅಲ್ಲ. ಹೊಳೆ ನೋಡಿ ಕಲಿತರು. ಆ ಕಲಿಕೆಗೆ ನೂರಾರು ವರ್ಷದ ಇತಿಹಾಸ ಇದೆ. ಅದನ್ನು ಬರೆದಿಡದಿದ್ದರೆ ಕಳೆದುಹೋಗುತ್ತದೆ ಎಂಬ ಭಯ ನಮಗೆ 2024ರ ಒಂದು ರಾತ್ರಿ ಬಂತು. ಆ ರಾತ್ರಿಯ ಕಥೆಗೆ ಕೊನೆಗೆ ಬರುತ್ತೇವೆ.

ಒಂದು ಕ್ಯೂಸೆಕ್, ಎರಡು ಕೊಡ

ಮೊದಲು ಅಳತೆ ಸರಿಯಾಗಿ ತಿಳಿದುಕೊಳ್ಳೋಣ. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್. ಒಂದು ಘನ ಅಡಿ ಅಂದರೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು. ಮನೆಯ ಕೊಡ 14 ಲೀಟರಿನದು ಅಂತ ಇಟ್ಟುಕೊಂಡರೆ ಎರಡು ಕೊಡ. ಒಂದು ಲಕ್ಷ ಕ್ಯೂಸೆಕ್ ಅಂದರೆ ಪ್ರತಿ ಸೆಕೆಂಡಿಗೆ ಎರಡು ಲಕ್ಷ ಕೊಡ ನೀರು ನಿಮ್ಮ ಮುಂದೆ ಹಾದುಹೋಗುತ್ತಿದೆ ಎಂದರ್ಥ.

ಟಿಎಂಸಿ ಬೇರೆ. ಅದು ಹರಿಯುವ ನೀರಿನ ಲೆಕ್ಕವಲ್ಲ, ನಿಂತ ನೀರಿನದು. ನೂರು ಕೋಟಿ ಘನ ಅಡಿಗೆ ಒಂದು ಟಿಎಂಸಿ. ಒಂದು ಲಕ್ಷ ಕ್ಯೂಸೆಕ್ ಹಗಲು ರಾತ್ರಿ ಒಂದು ದಿನ ಹರಿದರೆ ಸುಮಾರು 8.6 ಟಿಎಂಸಿ ಖರ್ಚಾಗುತ್ತದೆ. ಈ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಮಂಟಪಗಳೇ ಅಳತೆಗೋಲು

ಕ್ಯೂಸೆಕ್ ಎಂಬ ಪದ ಬರುವ ಮುಂಚೆ ಜನ ಏನು ನೋಡುತ್ತಿದ್ದರು? ಕಲ್ಲು ನೋಡುತ್ತಿದ್ದರು.

ಹಂಪಿಯಲ್ಲಿ ವಿಠ್ಠಲ ದೇವಸ್ಥಾನದ ಹತ್ತಿರ, ಹೊಳೆಯ ಅಂಚಿನಲ್ಲಿ ಪುರಂದರ ಮಂಟಪ ಇದೆ. ಪುರಂದರದಾಸರು ಕೂತು ಹಾಡುತ್ತಿದ್ದ ಜಾಗ ಎಂದು ಹೇಳಿಕೆ. ಹೊಳೆ ಏರಿದಾಗ ನೀರು ಅದರ ಕಂಬ ಹಿಡಿದು ಮೇಲೆ ಹತ್ತುತ್ತದೆ. ಕಂಬದ ಬುಡ, ಕಂಬದ ನಡು, ಆಮೇಲೆ ಚಾವಣಿ. ಪಕ್ಕದಲ್ಲೇ ವಿಜಯನಗರ ಕಾಲದ ಕಾಲು ಸೇತುವೆಯ ಕಲ್ಲುಗಂಬಗಳು ಸಾಲಾಗಿ ನಿಂತಿವೆ. ಅವೂ ಒಂದೊಂದಾಗಿ ಮುಳುಗುತ್ತವೆ. ವಿರೂಪಾಕ್ಷ ದೇವಸ್ಥಾನದ ಕಡೆ ಸ್ನಾನಘಟ್ಟದ ಮೆಟ್ಟಿಲುಗಳು, ಚಕ್ರತೀರ್ಥದಲ್ಲಿ ಕೋದಂಡರಾಮ ದೇವಸ್ಥಾನದ ಅಂಗಳ. ಹೊಳೆಯ ಆಚೆ ಆನೆಗೊಂದಿಯಲ್ಲಿ 64 ಕಂಬದ ಮಂಟಪ, ನಡುಗಡ್ಡೆಯ ನವವೃಂದಾವನ. ಇಲ್ಲಿಯವರಿಗೆ ಇವೆಲ್ಲ ಗುಡಿ ಗೋಪುರ ಮಾತ್ರವಲ್ಲ, ನೀರಿನ ಅಳತೆಗೋಲು ಕೂಡ.

ಇದು ನಮ್ಮೂರಿನ ಜಾಣತನ ಮಾತ್ರ ಅಂದುಕೊಳ್ಳಬೇಡಿ. ಹೊಳೆಯ ಮೇಲಕ್ಕೆ ಹೋದರೆ ಎಲ್ಲ ಕಡೆ ಇದೇ ರೂಢಿ. ತೀರ್ಥಹಳ್ಳಿಯವರು ತುಂಗೆಯಲ್ಲಿರುವ ರಾಮ ಮಂಟಪ ನೋಡುತ್ತಾರೆ. ಶಿವಮೊಗ್ಗದವರು ಕೋರ್ಪಲಯ್ಯನ ಛತ್ರದ ಮಂಟಪ ನೋಡುತ್ತಾರೆ. ಅದು ಮುಳುಗಿತೆಂದರೆ ಸೇತುವೆ ಮೇಲೆ ಜಾತ್ರೆಯಂತೆ ಜನ ಸೇರುತ್ತಾರೆ. 2019ರ ಆಗಸ್ಟ್‌ನಲ್ಲಿ ಶಿವಮೊಗ್ಗದ ಕುಂಬಾರಗುಂಡಿಯಂಥ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದಾಗ, ಮಂಟಪ ಕಾಣದಾಗಿದ್ದೇ ಆ ಊರಿಗೆ ಮೊದಲ ಸೂಚನೆ.

ತುಂಗೆ, ಭದ್ರೆ ಕೂಡುವುದು ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ. ಕೆಳಗೆ ಹಾವೇರಿ ಜಿಲ್ಲೆಯ ಗಳಗನಾಥದ ಹತ್ತಿರ ವರದಾ ಬಂದು ಸೇರುತ್ತದೆ. ಹಾಗಾಗಿ ಮಲೆನಾಡಿನ ಮಳೆ ನಮ್ಮ ಮುಂದೆ ದಿಢೀರ್ ಅಂತ ಬಂದು ನಿಲ್ಲುವುದಿಲ್ಲ. ಒಂದೊಂದು ಮಂಟಪಕ್ಕೂ ಹೇಳಿ ಬರುತ್ತದೆ. ಗಾಜನೂರು ಡ್ಯಾಮಿನ ಗೇಟು ತೆಗೆದ ಸುದ್ದಿ ಬಂದರೆ ನಮ್ಮ ಹಿರಿಯರು ಬೆರಳು ಮಡಿಚಿ ದಿನ ಎಣಿಸುತ್ತಿದ್ದರು.

ಹೊಳೆಗೆ ಜಾಗ ಬಿಟ್ಟ ದೊಡ್ಡ ಊರು

ಇದೇ ದಂಡೆಯಲ್ಲಿ ಒಂದು ಕಾಲಕ್ಕೆ ಬಹಳ ದೊಡ್ಡ ನಗರ ಇತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಇದನ್ನು ರೋಮ್ ನಗರದಷ್ಟು ದೊಡ್ಡದು ಎಂದು ಬರೆದ. ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನೂ, ಆ ದೋಣಿ ತಿರುಗುತ್ತಲೇ ಮುಂದೆ ಸಾಗುವುದನ್ನೂ ಆತ ದಾಖಲಿಸಿದ್ದಾನೆ. ನಮ್ಮ ಹರಿಗೋಲು ತಾನೇ!

ಅಷ್ಟು ದೊಡ್ಡ ಊರು ಹೊಳೆಯ ಪಕ್ಕ ಹೇಗೆ ಬದುಕಿತು? ಹಂಪಿಯಲ್ಲಿ ಒಮ್ಮೆ ನಡೆದಾಡಿದರೆ ಗೊತ್ತಾಗುತ್ತದೆ. ಹೊಳೆಯ ಅಂಚಿನಲ್ಲಿ ಇಟ್ಟಿದ್ದು ಮಂಟಪ, ಮೆಟ್ಟಿಲು, ಗುಡಿ. ನೀರು ಬಂದರೂ ತೊಳೆದುಕೊಂಡು ನಿಲ್ಲುವ ಕಲ್ಲಿನ ಕೆಲಸ. ಅರಮನೆಯ ಆವರಣ ಇರುವುದು ದಕ್ಷಿಣಕ್ಕೆ, ಹೊಳೆಯಿಂದ ದೂರ. ನಡುವೆ ತುರ್ತಾ ಕಾಲುವೆ ಹರಿಯುವ ಗದ್ದೆ ಬಯಲು. ಆಗಿನ ಅಣೆಕಟ್ಟುಗಳೂ ತಗ್ಗಿನವು. ನೀರು ಹೆಚ್ಚಾದರೆ ಕಟ್ಟೆಯ ಮೇಲೇ ಹರಿದುಹೋಗುತ್ತಿತ್ತು. ಹೊಳೆಯನ್ನು ತಡೆದು ನಿಲ್ಲಿಸುವ ಹಟ ಇರಲಿಲ್ಲ, ತಮಗೆ ಬೇಕಾದಷ್ಟನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದರು.

ಹೊಳೆಯ ಜಾಗದಲ್ಲಿ ಮನೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು 2019ರಲ್ಲಿ ಹಂಪಿಯ ಎದುರಿನ ವಿರೂಪಾಪುರ ಗಡ್ಡೆ ತೋರಿಸಿತು. ರೆಸಾರ್ಟುಗಳಲ್ಲಿದ್ದ ನೂರಾರು ಪ್ರವಾಸಿಗರು ನಡುಗಡ್ಡೆಯಲ್ಲಿ ಸಿಕ್ಕಿಬಿದ್ದರು. ಕಾಪಾಡಲು ಹೋದ ಸಿಬ್ಬಂದಿಯ ದೋಣಿಯೇ ಮಗುಚಿ, ಅವರನ್ನೂ ಹುಡುಕಿ ತರಬೇಕಾಯಿತು. ಮರುವರ್ಷ ಸುಪ್ರೀಂ ಕೋರ್ಟ್ ಆದೇಶದ ನಂತರ ಆ ರೆಸಾರ್ಟುಗಳನ್ನು ಕೆಡವಲಾಯಿತು.

ಹೊಳೆಗೆ ಗೇಟು ಬಂದ ಮೇಲೆ

1945ರಲ್ಲಿ ಡ್ಯಾಮಿಗೆ ಅಡಿಗಲ್ಲು ಬಿತ್ತು. ಆಗ ಹೊಳೆಯ ಈ ದಂಡೆ ಮದ್ರಾಸ್ ಪ್ರಾಂತ್ಯ, ಆ ದಂಡೆ ಹೈದರಾಬಾದ್ ನಿಜಾಮರ ರಾಜ್ಯ. ಇಬ್ಬರೂ ಸೇರಿ ಕಟ್ಟಿದ ಕಟ್ಟೆಯಿಂದ 1953ರಲ್ಲಿ ನೀರು ಹರಿಯಿತು. ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ನಮ್ಮಲ್ಲಿ ಕೆಲವರ ಮನೆಯ ಅಜ್ಜ ಅಜ್ಜಿಯರಿಗೆ ಏರುವ ನೀರು ಎಂದರೆ ಇಳಿಯದ ನೀರು. ಅವರ ಊರಿನ ನೀರು ಮತ್ತೆ ಇಳಿಯಲೇ ಇಲ್ಲ.

ಕೆಳಗಿನ ಊರುಗಳಿಗೆ ಬೇರೊಂದು ಬದಲಾವಣೆ ಆಯಿತು. ಮುಂಚೆ ಹೊಳೆ ಮಳೆಯ ಮಾತು ಕೇಳುತ್ತಿತ್ತು. ಈಗ 33 ಗೇಟುಗಳ ಮಾತನ್ನೂ ಕೇಳಬೇಕು. ಆಕಾಶ ನೋಡಿ ಹೇಳುವುದು ಸಾಲದಾಯಿತು. ಆಗ ಬಂತು "ಎಷ್ಟು ಬಿಟ್ಟಾರಂತೆ?" ಎಂಬ ಪ್ರಶ್ನೆ. ಮೊದಲು ಡಂಗುರ, ಆಮೇಲೆ ಆಟೋ ಮೈಕು, ರೇಡಿಯೊ, ಪೇಪರು. ಈಗ ವಾಟ್ಸ್ಆ್ಯಪ್.

ಇನ್ನೊಂದು ಸಂಗತಿ ಇದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಈಗ ಹಿಡಿಯುವುದು 105.788 ಟಿಎಂಸಿ. ಉಳಿದ ಜಾಗದಲ್ಲಿ ಹೂಳು ಕೂತಿದೆ. ಪಾತ್ರೆ ಚಿಕ್ಕದಾದಷ್ಟೂ ಬೇಗ ತುಂಬುತ್ತದೆ, ಬೇಗ ಗೇಟು ತೆಗೆಯಬೇಕಾಗುತ್ತದೆ. ಹೂಳಿನ ಕಷ್ಟ ಕಾಲುವೆಯ ಕೊನೆಯ ರೈತನಿಗೆ ಮಾತ್ರವಲ್ಲ, ಕಂಪ್ಲಿಯ ದಂಡೆಯವರಿಗೂ ಇದೆ.

ಕಂಪ್ಲಿಯಲ್ಲಿ ಅಳತೆಗೋಲು ಗಂಗಾವತಿ ಕಡೆಗೆ ಹೋಗುವ ಸೇತುವೆ. ನೀರು ಸೇತುವೆಗೆ ತಾಗಿತೇ, ಮೇಲೆ ಬಂತೇ, ಕಟಕಟೆ ಕಾಣುತ್ತಿದೆಯೇ ಎಂದು ನೋಡುತ್ತಾರೆ. ಪೊಲೀಸರು ಅಡ್ಡ ಬ್ಯಾರಿಕೇಡ್ ಇಟ್ಟರೆ ಎರಡು ಪೇಟೆಗಳ ನಂಟು ಕಡಿದಂತೆ. ಕೋಟೆಯ ತಗ್ಗಿನ ಮನೆಯವರು ಕಾಳಜಿ ಕೇಂದ್ರಕ್ಕೆ ಹೋಗುತ್ತಾರೆ. ಹೊಳೆ ಒಂದೇ ಆದರೂ ಹೊಸಪೇಟೆ ವಿಜಯನಗರ ಜಿಲ್ಲೆ, ಕಂಪ್ಲಿ ಬಳ್ಳಾರಿ ಜಿಲ್ಲೆ, ಗಂಗಾವತಿ ಕೊಪ್ಪಳ ಜಿಲ್ಲೆ.

ಡ್ಯಾಮಿನ ಲೆಕ್ಕಕ್ಕೆ ಸಿಗದ ನೀರು

ಡ್ಯಾಮಿನ ಅಂಕಿ ಒಂದನ್ನೇ ನಂಬಿದರೂ ಮೋಸ ಹೋಗುತ್ತೇವೆ. ಇದಕ್ಕೆ ದೊಡ್ಡ ಸಾಕ್ಷಿ 2009.

ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ತುಂಗಭದ್ರೆಯ ಮಟ್ಟಿಗೆ ಹೇಳುವುದಾದರೆ ಆ ಮಳೆ ಹೆಚ್ಚಾಗಿ ಬಿದ್ದಿದ್ದು ಡ್ಯಾಮಿನ ಕೆಳಗೆ. ಹಗರಿಯ ನೀರು, ಹಳ್ಳಕೊಳ್ಳಗಳ ನೀರು ಗೇಟು ದಾಟಿ ಬರುವುದಿಲ್ಲ. ಸಂಡೂರಿನ ನಾರಿಹಳ್ಳ ನೋಡಿ: ಅದು ದರೋಜಿ ಕೆರೆಯ ಕಡೆಗೆ ಹರಿಯುತ್ತದೆ, ಡ್ಯಾಮಿನ ಒಳಹರಿವಿನ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ. ಇಂಥ ನೀರೆಲ್ಲ ಸೇರಿ ಕೆಳಗೆ ಹೋದಾಗ ಮಂತ್ರಾಲಯದ ಮಠದೊಳಗೆ ಹೊಳೆ ನುಗ್ಗಿತು. ಕರ್ನಾಟಕದಿಂದ ಹೋಗಿದ್ದ ಭಕ್ತರೂ ಅಲ್ಲಿ ಸಿಕ್ಕಿಕೊಂಡರು.

ಅಲ್ಲಿಂದ ಮುಂದೆ ಕರ್ನೂಲು. ತುಂಗಭದ್ರೆಗೆ ಹಂದ್ರಿ ಸೇರುವ ಜಾಗದಲ್ಲಿರುವ ಲಕ್ಷಾಂತರ ಜನರ ನಗರ. 2009ರ ಅಕ್ಟೋಬರ್ 2ರಂದು ಅಲ್ಲಿ ನೀರು ಬೀದಿಯಿಂದ ಬೀದಿಗೆ ಹಬ್ಬಿತು. ಜನ ಒಂದೊಂದೇ ಮಹಡಿ ಹತ್ತುತ್ತ ಮೆಟ್ಟಿಲ ಮೇಲೆ ನೀರು ಎಣಿಸಿದರು. ಮೇಲಿನಿಂದ ತುಂಗಭದ್ರೆ, ಪಕ್ಕದಿಂದ ಹಂದ್ರಿ. ಕೆಳಗೆ ಶ್ರೀಶೈಲಂ ಡ್ಯಾಮಿಗೆ 25 ಲಕ್ಷ ಕ್ಯೂಸೆಕ್‌ನಷ್ಟು ನೀರು ಬಂದು, ಹಿನ್ನೀರು ಹಿಂದಕ್ಕೆ ಒತ್ತಿತು. ನಮ್ಮ ಮುಂದೆ ಹಾದುಹೋಗುವ ನೀರು ಮುಂದೆ ಯಾರದ್ದೋ ಮನೆ ಬಾಗಿಲಿಗೆ ಹೋಗುತ್ತದೆ ಎಂಬುದನ್ನು ನಾವು ಮರೆಯಬಾರದು.

19ನೇ ಗೇಟಿನ ರಾತ್ರಿ

ಈಗ ಆ ರಾತ್ರಿಗೆ ಬರೋಣ. 2024ರ ಆಗಸ್ಟ್ 10, ಶನಿವಾರ. ಡ್ಯಾಮು ತುಂಬಿತ್ತು. ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆಗೆದರು.

ಮಧ್ಯರಾತ್ರಿಯ ಹೊತ್ತಿಗೆ ನಮ್ಮ ಫೋನುಗಳು ಬಿಸಿಯಾಗಿದ್ದವು. "ಡ್ಯಾಂ ಒಡೆದೈತಂತೆ", "ಕಂಪ್ಲಿ ಖಾಲಿ ಮಾಡ್ಸಾಕತ್ತಾರಂತೆ". ಕಟ್ಟೆ ಒಡೆದು ನೀರು ನುಗ್ಗುವ ಒಂದು ವಿಡಿಯೋ ಬಂತು. ನಾವೂ ಅದನ್ನು ನಾಲ್ಕು ಗುಂಪಿಗೆ ಕಳಿಸುವುದರಲ್ಲಿದ್ದೆವು. ವರದಿಗಾರರು ಅನ್ನಿಸಿಕೊಂಡ ನಾವೇ! ಆಮೇಲೆ ನೋಡಿದರೆ ಆ ವಿಡಿಯೋದ ಕಟ್ಟೆಗೂ ನಮ್ಮ ಡ್ಯಾಮಿಗೂ ಸಂಬಂಧವೇ ಇರಲಿಲ್ಲ. ನಮ್ಮನ್ನು ತಡೆದವರು ಹೊಳೆದಂಡೆಯಲ್ಲಿ ಹರಿಗೋಲು ಹಾಕುತ್ತಿದ್ದ ಒಬ್ಬ ಅಜ್ಜ. ಫೋನಿನಲ್ಲಿ ಅವರು ಕೇಳಿದ್ದು ಇಷ್ಟೇ: "ತಮ್ಮಾ, ಹೋದ ವಾರ ನೀರು ಎಲ್ಲಿ ತನಕ ಬಂದಿತ್ತು? ಈಗ ಎಲ್ಲೈತಿ? ಹೋಗಿ ನೋಡ್ಕೊಂಡು ಬಾ."

ಆ ಮಾತು ಸರಿಯಾಗಿತ್ತು. ಜುಲೈ ಕೊನೆಗೇ ಡ್ಯಾಮಿನಿಂದ ಲಕ್ಷಕ್ಕೂ ಹೆಚ್ಚು ಕ್ಯೂಸೆಕ್ ಬಿಟ್ಟಿದ್ದರು. ಜನ ಅದನ್ನು ಕಂಡಿದ್ದರು, ತಡೆದುಕೊಂಡಿದ್ದರು. ಈಗ ಬರುತ್ತಿದ್ದುದೂ ಅದೇ ಲಕ್ಷದ ಆಸುಪಾಸಿನ ನೀರು. ಹೆಚ್ಚಾಗಿದ್ದು ಭಯ. ಮುಂಚೆ ಹೇಳಿದ ಲೆಕ್ಕ ಹಾಕಿ ನೋಡಿ: ಲಕ್ಷ ಕ್ಯೂಸೆಕ್ ಅಂದರೆ ದಿನಕ್ಕೆ 8.6 ಟಿಎಂಸಿ. ತುಂಬಿದ ಡ್ಯಾಮು ಒಂದೇ ರಾತ್ರಿಗೆ ಮೈಮೇಲೆ ಬರುವುದಿಲ್ಲ. ಅದೂ ಅಲ್ಲದೆ ಗೇಟಿನ ಎತ್ತರ 20 ಅಡಿ. ಗೇಟಿನ ಬುಡಕ್ಕಿಂತ ಕೆಳಗಿರುವ ನೀರು ಆ ದಾರಿಯಲ್ಲಿ ಬರಲಾಗದು.

ಹಾಗಂತ ಭಯಕ್ಕೆ ಕಾರಣವೇ ಇರಲಿಲ್ಲ ಅಂತಲ್ಲ. ನಿಜವಾದ ಭಯ ಗದ್ದೆಯದ್ದು. ನಾಟಿ ಮಾಡಿದ ಭತ್ತಕ್ಕೆ ಬೇಕಾದ ನೀರು ಕಣ್ಣ ಮುಂದೆ ಹರಿದುಹೋಗುತ್ತಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ, ವಾರದೊಳಗೆ ಆ ಕಿಂಡಿ ಮುಚ್ಚಿದರು. ಅಷ್ಟರಲ್ಲಿ ನೂರು ದಾಟಿದ್ದ ನೀರು 70 ಟಿಎಂಸಿಯ ಆಸುಪಾಸಿಗೆ ಇಳಿದಿತ್ತು. ಉಳಿದ ಗೇಟುಗಳ ಬಗ್ಗೆಯೂ ಅನುಮಾನ ಬಂದು, 2025ರಲ್ಲಿ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸಬಾರದು ಎಂದು ತೀರ್ಮಾನವಾಯಿತು. ಎರಡನೇ ಬೆಳೆಗೆ ನೀರಿಲ್ಲ ಎಂಬ ಮಾತು ಅದರ ಬೆನ್ನಿಗೇ ಬಂತು.

ನಿಮ್ಮೂರಿನ ಗುರುತು ಯಾವುದು?

ಆ ರಾತ್ರಿ ನಮಗೆ ಎರಡು ಸಂಗತಿ ಅರ್ಥವಾದವು. ಅಂಕಿ ಬೇಕು. ಆದರೆ ಒಂದು ಇಪ್ಪತ್ತು ಬಿಟ್ಟರೆ ನಮ್ಮೂರಿನ ಯಾವ ಮೆಟ್ಟಿಲಿಗೆ ನೀರು ಬರುತ್ತದೆ ಎಂದು ಗೊತ್ತಿರುವವರು ಇಲ್ಲದಿದ್ದರೆ ಆ ಅಂಕಿ ಬರೀ ಗಾಬರಿ ಹುಟ್ಟಿಸುತ್ತದೆ. ಹಾಗೆ ಗೊತ್ತಿರುವವರು ಎಪ್ಪತ್ತು ದಾಟಿದವರು. ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮೊಮ್ಮಕ್ಕಳು ಫೋನಿನಲ್ಲಿದ್ದಾರೆ.

ಆದ್ದರಿಂದ ಒಂದು ಕೆಲಸ ಮಾಡೋಣ. ನಿಮ್ಮೂರಿನ ಹಿರಿಯರನ್ನು ಕರೆದುಕೊಂಡು ಹೊಳೆದಂಡೆಗೆ ಹೋಗಿ. 1992ರಲ್ಲಿ, 2009ರಲ್ಲಿ, 2019ರಲ್ಲಿ ನೀರು ಎಲ್ಲಿಯ ತನಕ ಬಂದಿತ್ತು ಅಂತ ಕೇಳಿ. ಶಾಲೆಯ ಗೋಡೆಯೋ, ಹನುಮಪ್ಪನ ಗುಡಿಯ ಕಟ್ಟೆಯೋ, ಯಾವುದಾದರೂ ಇರಲಿ. ಅಲ್ಲಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಪಕ್ಕದಲ್ಲಿ ವರ್ಷ ಬರೆಯಿರಿ. ಅವತ್ತು ಎಷ್ಟು ಬಿಟ್ಟಿದ್ದರು ಎಂಬುದು ಖಚಿತವಾಗಿ ಸಿಕ್ಕರೆ ಅದನ್ನೂ ಬರೆಯಿರಿ. ಹಂಪಿಯ ಪಾರಂಪರಿಕ ಕಲ್ಲುಗಳ ಮೇಲೆ ಮಾತ್ರ ಬೇಡ. ಅವು ಬಣ್ಣವಿಲ್ಲದೆಯೇ ಹೇಳುತ್ತವೆ.

ಗೆರೆ ಎಳೆದ ಮೇಲೆ ಫೋಟೊ ತೆಗೆದು ನಮಗೆ ಕಳಿಸಿ. ಊರಿನ ಹೆಸರಿನ ಜೊತೆ ಇಲ್ಲೇ ಹಾಕುತ್ತೇವೆ.

ಮುಂದಿನ ಮಳೆಗಾಲದಲ್ಲಿ ಯಾರಾದರೂ "ಎಷ್ಟು ಬಿಟ್ಟಾರಂತೆ?" ಎಂದು ಕೇಳಿದಾಗ ಅಂಕಿ ಹೇಳಿ ಸುಮ್ಮನಾಗಬೇಡಿ. ಗೋಡೆಯ ಗೆರೆ ತೋರಿಸಿ.