ಶಮೂನ್ ವೈರಸ್ ದಾಳಿ (2012)

ಸೌದಿ ಅರೇಬಿಯಾದ ಸರ್ಕಾರಿ ತೈಲ ಸಂಸ್ಥೆ ಸೌದಿ ಅರಾಮ್ಕೊದ ಕಂಪ್ಯೂಟರ್ ಜಾಲವನ್ನು 2012ರ ಆಗಸ್ಟ್ 15ರಂದು ಕೆಡಿಸಿದ ವೈರಸ್ ದಾಳಿ. ರಂಜಾನ್ ತಿಂಗಳಾದ್ದರಿಂದ ಸಿಬ್ಬಂದಿಯಲ್ಲಿ ಹಲವರು ರಜೆಯಲ್ಲಿದ್ದರು. ಕಡತಗಳನ್ನು ಅಳಿಸಿ, ಕಂಪ್ಯೂಟರ್ ಮತ್ತೆ ಚಾಲೂ ಆಗಲು ಬೇಕಾದ ಮಾಹಿತಿಯನ್ನೂ ನಾಶಮಾಡುವ ಈ ವೈರಸ್ಸಿಗೆ ಸುಮಾರು 30,000 ಕಂಪ್ಯೂಟರುಗಳು ಬಲಿಯಾದವು. ಅಳಿದ ಕಡತಗಳ ಜಾಗದಲ್ಲಿ ಉರಿಯುವ ಅಮೆರಿಕದ ಧ್ವಜದ ಚಿತ್ರದ ತುಣುಕು ಉಳಿಯುತ್ತಿತ್ತು.

ಎಣ್ಣೆ ಬಾವಿಗಳನ್ನು ನಿಯಂತ್ರಿಸುವ ಜಾಲ ಬೇರೆಯೇ ಇದ್ದುದರಿಂದ ಉತ್ಪಾದನೆ ನಿಲ್ಲಲಿಲ್ಲ. ಕೆಟ್ಟದ್ದು ಕಚೇರಿಯ ಕೆಲಸ: ಕರಾರು, ಬಿಲ್ಲು, ಸರಬರಾಜಿನ ಲೆಕ್ಕ. ನೌಕರರು ಕಾಗದಕ್ಕೂ ಫ್ಯಾಕ್ಸಿಗೂ ಮರಳಿದರು. ಹಣ ಪಾವತಿಯ ವ್ಯವಸ್ಥೆ ಇಲ್ಲದೆ ಪೆಟ್ರೋಲ್ ತುಂಬಿಸಲು ಬಂದ ಟ್ಯಾಂಕರ್ ಲಾರಿಗಳು ವಾಪಸಾದವು ಎಂಬ ವರದಿಗಳಿವೆ. ತೈಲ ಸಾಗಣೆಯ ನಿಜವಾದ ದುರ್ಬಲ ಜಾಗ ಇದೇ. ಎಷ್ಟು ಎಣ್ಣೆ, ಯಾರದು, ಯಾವ ಹಡಗಿಗೆ ಎಂಬ ದಾಖಲೆಯಿಲ್ಲದೆ ತೊಟ್ಟಿಯಲ್ಲಿ ತುಂಬಿದ ಎಣ್ಣೆಯೂ ಬಂದರಿನಲ್ಲೇ ಕೂರಬೇಕಾಗುತ್ತದೆ. ದಾಳಿಯ ಹೊತ್ತಿಗೆ ಜಗತ್ತಿನ ಕಚ್ಚಾತೈಲದಲ್ಲಿ ಸರಿಸುಮಾರು ಹತ್ತನೇ ಒಂದು ಭಾಗ ಅರಾಮ್ಕೊದಿಂದ ಬರುತ್ತಿತ್ತು.

ಹೊಣೆ ಹೊತ್ತದ್ದು ‘ನ್ಯಾಯದ ಹರಿತ ಖಡ್ಗ’ ಎಂಬರ್ಥದ ಹೆಸರಿನ ಗುಂಪು. ಅಮೆರಿಕದ ಅಧಿಕಾರಿಗಳು ಇರಾನಿನತ್ತ ಬೆರಳು ತೋರಿದರು. ಅದೇ ತಿಂಗಳು ಕತಾರಿನ ಅನಿಲ ಸಂಸ್ಥೆಯಾದ ರಾಸ್‌ಗ್ಯಾಸ್ ಕಚೇರಿಯ ಕಂಪ್ಯೂಟರುಗಳೂ ವೈರಸ್ಸಿಗೆ ತುತ್ತಾದವು. ಶಮೂನ್‌ನ ಹೊಸ ರೂಪಗಳು 2016ರಲ್ಲಿ ಸೌದಿಯಲ್ಲಿ, 2018ರಲ್ಲಿ ಇಟಲಿಯ ಸೈಪೆಮ್ ತೈಲಸೇವಾ ಸಂಸ್ಥೆಯಲ್ಲಿ ಕಾಣಿಸಿಕೊಂಡವು. ತೈಲ ಸಾಗಣೆಯ ದುರ್ಬಲತೆ ಮತ್ತೆ ಕಂಡದ್ದು 2022ರ ಆರಂಭದಲ್ಲಿ: ಜರ್ಮನಿಯಲ್ಲಿ ಇಂಧನ ಸಂಗ್ರಹಿಸುವ ಆಯಿಲ್‌ಟ್ಯಾಂಕಿಂಗ್ ಸಂಸ್ಥೆಯ ಮೇಲೆ ನಡೆದ ಬೇರೊಂದು ದಾಳಿಯಿಂದ ಇಂಧನ ತುಂಬಿಸುವ ಕೆಲಸ ಅಸ್ತವ್ಯಸ್ತವಾಗಿ, ಶೆಲ್ ಕಂಪನಿ ಬೇರೆ ಡಿಪೊಗಳ ಮೊರೆಹೋಯಿತು.