ಕುರ್ಚಿಗೂ ಅಳತೆ ಬೇಕಲ್ಲವೇ?

ಇಪ್ಪತ್ತು ವರ್ಷ ಕಚೇರಿಯಲ್ಲಿ ಕುಳಿತ ಕುರ್ಚಿಯಿಂದ ನನ್ನ ಕಾಲು ನೆಲಕ್ಕೆ ಎಟುಕಲೇ ಇಲ್ಲ. ಹಳೆಯ ಕಡತಗಳ ಕಟ್ಟೊಂದನ್ನು ಪಾದದಡಿ ಇಟ್ಟುಕೊಳ್ಳುತ್ತಿದ್ದೆ. ಕುಳ್ಳಗಿರುವುದು ನನ್ನದೇ ತಪ್ಪೆಂದುಕೊಂಡಿದ್ದೆ.

ಆ ತಪ್ಪನ್ನು ಕುರ್ಚಿಯಲ್ಲೇ ಹುಡುಕಿದವರು ಅಮೆರಿಕದ ವಿನ್ಯಾಸಕಾರ ಬಿಲ್ ಸ್ಟಂಫ್ (1936–2006). ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮೂಳೆ, ರಕ್ತನಾಳಗಳ ವೈದ್ಯರ ಜೊತೆ ಸೇರಿ, ಜನ ಹೇಗೆ ಕೂರುತ್ತಾರೆಂದು ಅಭ್ಯಾಸ ಮಾಡಿದರು. 1976ರಲ್ಲಿ ಹರ್ಮನ್ ಮಿಲ್ಲರ್ ಕಂಪನಿಯಿಂದ ಅವರ 'ಎರ್ಗಾನ್' ಕುರ್ಚಿ ಹೊರಬಂತು.

ಆಮೇಲೆ ಡಾನ್ ಚಾಡ್ವಿಕ್ ಜೊತೆಗೂಡಿ, ಮನೆಯಲ್ಲಿ ದಿನವಿಡೀ ಕೂತೇ ಇರುವ ವೃದ್ಧರಿಗಾಗಿ 'ಸಾರಾ' ಎಂಬ ಕುರ್ಚಿ ರೂಪಿಸಿದರು. ಅದು ಮಾರುಕಟ್ಟೆ ಕಾಣಲೇ ಇಲ್ಲ. ಆದರೆ ಅಲ್ಲಿ ಕಲಿತದ್ದು ವ್ಯರ್ಥವಾಗಲಿಲ್ಲ; 1994ರಲ್ಲಿ ಇಬ್ಬರ 'ಏರಾನ್' ಬಂತು. ಮೆತ್ತೆಯ ಬದಲು ಗಾಳಿಯಾಡುವ ಜಾಲರಿ, ರವಿಕೆಗಿರುವಂತೆ ಮೂರು ಅಳತೆ! ದೊಡ್ಡ ದೊಡ್ಡ ಕಚೇರಿಗಳ ಪ್ರತಿಷ್ಠೆಯಾದ ಆ ಕುರ್ಚಿಯ ಬೇರು ಮುದುಕರ ನೋವಿನಲ್ಲಿತ್ತು.

ಅಷ್ಟು ದುಬಾರಿ ಕುರ್ಚಿ ನಮಗೆಲ್ಲಿಯದು? ಈ ಕಥೆ ಓದಿದ ಮೇಲೆ ಬಡಗಿಯನ್ನು ಕರೆಸಿ ಅತ್ತೆಯವರ ಕುರ್ಚಿಯ ಕಾಲುಗಳನ್ನು ಎರಡು ಇಂಚು ಕೊಯ್ಯಿಸಿದೆ. ಎಂಬತ್ತು ದಾಟಿದ ಅವರ ಪಾದ ನೆಲ ಮುಟ್ಟಿತು.

"ಇಷ್ಟು ವರ್ಷ ಯಾಕೆ ಹೊಳೀಲಿಲ್ವೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.