ಐದಾರು ಸೆಕೆಂಡಿಗೊಂದು ಸೂಜಿ: ಈಜಿಪ್ಟಿನಲ್ಲಿ ಹುಳದ ಮದ್ದು ಮಾಡಿದ ಕೆಲಸ

(1/4)
ಔಷಧಗಳ ಇತಿಹಾಸದ ಸರಣಿಯಲ್ಲಿ ಈ ಸಲ ಈಜಿಪ್ಟಿಗೆ ಹೋಗೋಣ. ಫೋಟೋದಲ್ಲಿರೋದು ಹಳೇ ಕಾಲದ ಗಾಜಿನ ಸಿರಿಂಜ್. ನಿಮ್ಮ ಅಜ್ಜ ಅಜ್ಜೀನ ಕೇಳಿ ನೋಡಿ, ಡಾಕ್ಟ್ರು ಸ್ಟೀಲ್ ಡಬ್ಬೀಲಿ ನೀರು ಕುದಿಸಿ ಅದೇ ಸೂಜೀನ ಊರಿಗೆಲ್ಲಾ ಚುಚ್ಚುತ್ತಿದ್ದದ್ದು ಅವರಿಗೆ ನೆನಪಿರತ್ತೆ. ಈ ಕಥೆ ಇರೋದೇ ಆ ಡಬ್ಬಿಯಲ್ಲಿ.

ಮೊದಲು ರೋಗದ ವಿಷಯ. ನೈಲ್ ನದಿಯ ಕಾಲುವೆಗಳಲ್ಲಿ ಒಂದು ಜಾತಿ ಬಸವನಹುಳು ಇದೆ. ಅದರೊಳಗೆ ಬೆಳೆದ ಸಣ್ಣ ಮರಿಹುಳ ನೀರಿಗೆ ಬಂದು, ಕಾಲುವೆಗೆ ಇಳಿದವರ ಚರ್ಮ ಕೊರೆದು ಒಳಗೆ ಸೇರತ್ತೆ. ರಕ್ತನಾಳದಲ್ಲಿ ಗಂಡು ಹೆಣ್ಣು ಜೋಡಿಯಾಗಿ ವರ್ಷಗಟ್ಟಲೆ ಸಂಸಾರ ಮಾಡಿ ಮೊಟ್ಟೆ ಇಡ್ತವೆ. ಆ ಮೊಟ್ಟೆ ಮಲಮೂತ್ರದ ಜೊತೆ ಮತ್ತೆ ಕಾಲುವೆಗೆ. ಹುಡುಗರ ಮೂತ್ರದಲ್ಲಿ ರಕ್ತ ಹೋಗೋದು ಕೆಲವು ಕಡೆ ಎಷ್ಟು ಮಾಮೂಲಿ ಅಂದ್ರೆ, ಅದನ್ನ ದೊಡ್ಡವನಾಗ್ತಿರೋ ಲಕ್ಷಣ ಅಂದ್ಕೊಳ್ತಿದ್ರಂತೆ! 1851ರಲ್ಲಿ ಕೈರೋದಲ್ಲಿ ಶವಪರೀಕ್ಷೆ ಮಾಡ್ತಿದ್ದ ಜರ್ಮನ್ ವೈದ್ಯ ಥಿಯೋಡೋರ್ ಬಿಲ್ಹಾರ್ಜ್ ಈ ಹುಳ ಕಂಡುಹಿಡಿದ. ಹಾಗಾಗಿ ರೋಗಕ್ಕೆ ಬಿಲ್ಹಾರ್ಜಿಯಾ ಅಂತ ಹೆಸರು. ಆದ್ರೆ ರೋಗ ತುಂಬಾ ಹಳೇದು. 1910ರಲ್ಲಿ ಮಾರ್ಕ್ ಆರ್ಮಂಡ್ ರಫರ್ ಸುಮಾರು 3000 ವರ್ಷದ ಮಮ್ಮಿಗಳ ಮೂತ್ರಪಿಂಡದಲ್ಲೇ ಇದರ ಮೊಟ್ಟೆ ತೋರಿಸಿದ್ದ.

ಇದೇನು ಸಣ್ಣ ಕಾಯಿಲೆ ಅಲ್ಲ. ಬಿಟ್ರೆ ಲಿವರ್ ಹಾಳು, ಮೂತ್ರಕೋಶದ ಕ್ಯಾನ್ಸರ್. ಅರಬ್ ಜಗತ್ತೇ ಹುಚ್ಚಾಗಿದ್ದ ಗಾಯಕ ಅಬ್ದೆಲ್ ಹಲೀಮ್ ಹಫೀಜ್‌ಗೆ ಚಿಕ್ಕಂದಿನಲ್ಲೇ ಅಂಟಿತ್ತು. 1977ರಲ್ಲಿ, 47ನೇ ವಯಸ್ಸಿಗೆ ಹೋಗ್ಬಿಟ್ಟ.

(2/4)
ಔಷಧ ಸಿಕ್ಕಿದ್ದು 1918ರಲ್ಲಿ. ಸುಡಾನಿನ ಖಾರ್ಟೂಮ್‌ನಲ್ಲಿದ್ದ ವೈದ್ಯ ಕ್ರಿಸ್ಟೋಫರ್‌ಸನ್, ಟಾರ್ಟರ್ ಎಮೆಟಿಕ್ ಅನ್ನೋದನ್ನ ರಕ್ತನಾಳಕ್ಕೆ ಕೊಟ್ರೆ ಹುಳ ಸಾಯತ್ತೆ ಅಂತ ಬರೆದ. ಎಮೆಟಿಕ್ ಅಂದ್ರೇನೇ ವಾಂತಿ ಮಾಡಿಸೋದು. ಆಂಟಿಮನಿ ಲೋಹದ ಲವಣ, ಹೆಚ್ಚೂಕಡಿಮೆ ವಿಷ. ಚುಚ್ಚುವಾಗಲೇ ಕೆಮ್ಮು, ಆಮೇಲೆ ವಾಂತಿ, ಕೀಲುನೋವು. ಹೃದಯದ ಬಡಿತ ಏರುಪೇರಾಗಿ ಅಪರೂಪಕ್ಕೆ ಜನ ಸತ್ತದ್ದೂ ಉಂಟು. ನಾಳದಿಂದ ಒಂಚೂರು ಆಚೆ ಸೋರಿದ್ರೆ ಅಲ್ಲಿನ ಮಾಂಸ ಕೊಳೆಯತ್ತೆ. ಒಂದು ಸೂಜಿಗೆ ಮುಗಿಯೋದೂ ಇಲ್ಲ, ವಾರಗಟ್ಟಲೆ ಹತ್ತು ಹನ್ನೆರಡು ಸಲ ಚುಚ್ಚಿಸ್ಕೋಬೇಕು. ಅರ್ಧಕ್ಕೆ ಬಿಟ್ಟು ಹೋದವರನ್ನ ಬೈಯೋಕೆ ನನಗಂತೂ ಮನಸ್ಸಿಲ್ಲ.

(ನಮ್ಮ ದೇಶದಲ್ಲೂ ಕಾಲಾ ಅಜರ್‌ಗೆ ಇದನ್ನೇ ಕೊಡ್ತಿದ್ರು. ಅದರ ಕಾಟ ನೋಡಿಯೇ ಕಲ್ಕತ್ತಾದ ಉಪೇಂದ್ರನಾಥ ಬ್ರಹ್ಮಚಾರಿ ಯೂರಿಯಾ ಸ್ಟಿಬಮೈನ್ ತಯಾರಿಸಿದ್ದು.)

(3/4)
ಇವೆಲ್ಲಾ ಕಣ್ಣಿಗೆ ಕಾಣೋ ಅಡ್ಡಪರಿಣಾಮ. ಕಾಣದೇ ಇದ್ದದ್ದು ಬೇರೆ.

1950ರ ದಶಕದಿಂದ ಈಜಿಪ್ಟ್ ಸರ್ಕಾರ ಹಳ್ಳಿ ಹಳ್ಳಿಗೂ ಈ ಚುಚ್ಚುಮದ್ದು ತಗೊಂಡು ಹೋಯ್ತು. 1964ರಿಂದ 1982ರವರೆಗೆ ವರ್ಷಕ್ಕೆ ಸರಾಸರಿ ಎರಡೂವರೆ ಲಕ್ಷ ಜನಕ್ಕೆ 20 ಲಕ್ಷಕ್ಕೂ ಹೆಚ್ಚು ಇಂಜೆಕ್ಷನ್. 60ರ ದಶಕದಲ್ಲಿ ಅಲ್ಲಿಗೆ ಭೇಟಿ ಕೊಟ್ಟವರೊಬ್ಬರು ಕಂಡದ್ದನ್ನ ಬರೆದಿಟ್ಟಿದ್ದಾರೆ: ಒಬ್ಬ ಡಾಕ್ಟರ್ ಒಂದು ಗಂಟೆಯೊಳಗೆ, ಹೆಂಗಸರು ಮಕ್ಕಳು ಸೇರಿ 500ಕ್ಕೂ ಹೆಚ್ಚು ಜನಕ್ಕೆ ಚುಚ್ಚಿ ಮುಗಿಸಿದ. ಲೆಕ್ಕ ಹಾಕಿ, ತಲೆಗೆ ಐದಾರು ಸೆಕೆಂಡು. ಬಳಸಿದ ಸಿರಿಂಜ್ ಒಂದು ತಟ್ಟೆಗೆ, ನರ್ಸ್ ಅದನ್ನ ತೊಳೆದು ಒಂದೆರಡು ನಿಮಿಷ ಕುದಿಸಿ ವಾಪಸ್ ಕೊಡೋದು. ನೋಡಿದವರಿಗೆ ಆ ಚುರುಕುತನ ಮೆಚ್ಚುಗೆ ಆಗಿತ್ತು. ಈಗ ಓದಿದ್ರೆ ಮೈ ಝುಂ ಅನ್ನತ್ತೆ.

ಯಾಕಂದ್ರೆ ಆ ಸಾಲಲ್ಲಿ ಯಾರೋ ಒಬ್ಬರ ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ ಇದ್ರೂ ಸಾಕು, ಹಿಂದಿದ್ದವರಿಗೆ ದಾಟಬಹುದು. ಒಂದೆರಡು ನಿಮಿಷದ ಕುದಿತ ಅದಕ್ಕೆ ಸಾಲಲ್ಲ. ಒಳಗೆ ಸೇರಿದ ಮೇಲೆ 20-30 ವರ್ಷ ಸದ್ದಿಲ್ಲದೆ ಕೂತು ಲಿವರ್ ತಿನ್ನತ್ತೆ.

‘ಪಾಪ, ಅವರಿಗೇನು ಗೊತ್ತಿತ್ತು’ ಅಂತ ಕೆಲವರು ಹೇಳ್ತಾರೆ. ಅರ್ಧ ನಿಜ. ವೈರಸ್ ಪತ್ತೆ ಆಗಿದ್ದೇ 1989ರಲ್ಲಿ. ಆದ್ರೆ ಒಬ್ಬರ ರಕ್ತ ಇನ್ನೊಬ್ಬರಿಗೆ ಸೇರಿದ್ರೆ ಕಾಮಾಲೆ ಬರತ್ತೆ ಅನ್ನೋದು 1940ರ ದಶಕದಲ್ಲೇ ವೈದ್ಯರಿಗೆ ಗೊತ್ತಿತ್ತು. 1942ರಲ್ಲಿ ಅಮೆರಿಕದ ಸೈನಿಕರಿಗೆ ಮನುಷ್ಯರ ಸೀರಂ ಬೆರೆಸಿದ ಹಳದಿ ಜ್ವರದ ಲಸಿಕೆ ಕೊಟ್ಟು ಸುಮಾರು 50,000 ಮಂದಿ ಕಾಮಾಲೆಯಿಂದ ಮಲಗಿದ್ರು. ಗೊತ್ತಿದ್ದೂ ಸೂಜಿ ಬದಲಾಯಿಸಲಿಲ್ಲ ಅನ್ನೋದಕ್ಕಿಂತ, ಅಷ್ಟು ಸೂಜಿಗೆ ದುಡ್ಡು ಇರಲಿಲ್ಲ, ಅಷ್ಟು ಕುದಿಸೋಕೆ ಪುರುಸೊತ್ತು ಇರಲಿಲ್ಲ, ಹೊರಗೆ ಸಾಲು ಬೆಳೀತಾ ಇತ್ತು ಅನ್ನೋದು ನನಗೆ ಹೆಚ್ಚು ಸರಿ ಅನ್ಸತ್ತೆ. ಇದರಿಂದ ತಪ್ಪು ಸಣ್ಣದಾಗಲ್ಲ. ಆದ್ರೆ ಇಲ್ಲಿ ಒಬ್ಬ ಖಳನಾಯಕನ್ನ ಹುಡುಕಿದ್ರೆ ಸಿಗಲ್ಲ.

(4/4)
1980ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಬಂತು. ನುಂಗೋ ಮಾತ್ರೆ, ಸಾಮಾನ್ಯವಾಗಿ ಒಂದೇ ದಿನದ ಕೆಲಸ. ಹೊಟ್ಟೆನೋವು, ತಲೆಸುತ್ತು ಬಂದ್ರೂ ಬೇಗ ಹೋಗತ್ತೆ. ಸೂಜಿ ನಿಂತಿತು. ಶಾಲೇಲಿ ನಾವು ನುಂಗಿದ ಜಂತುಹುಳದ ಮಾತ್ರೆ, ಅಲ್ಬೆಂಡಜೋಲ್, ಬೇರೆ ಹುಳಕ್ಕೆ, ಬೇರೆ ಔಷಧ. ಈ ಪೋಸ್ಟ್ ನೋಡಿ ಅದಕ್ಕೆ ಹೆದರಬೇಡಿ ಪ್ಲೀಸ್, ತಂಗಿ ತಮ್ಮಂದಿರಿಗೂ ಹೆದರಿಸಬೇಡಿ.

1990ರ ದಶಕದ ಶುರುವಿನಲ್ಲಿ ಈಜಿಪ್ಟಿನ ರಕ್ತದಾನಿಗಳನ್ನ ಪರೀಕ್ಷಿಸಿದಾಗ ಎಲ್ರಿಗೂ ಗಾಬರಿ. ಪ್ರಪಂಚದಲ್ಲಿ ಬೇರೆಲ್ಲೂ ಇಷ್ಟು ಹೆಪಟೈಟಿಸ್ ಸಿ ಇರಲಿಲ್ಲ. 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕ್ರಿಸ್ಟಿನಾ ಫ್ರಾಂಕ್ ಮತ್ತು ಸಂಗಡಿಗರು ಹಳೇ ಚುಚ್ಚುಮದ್ದಿನ ಲೆಕ್ಕ ತೆಗೆದು ಪಕ್ಕದಲ್ಲಿಟ್ಟು ನೋಡಿದ್ರು. ಹೆಚ್ಚು ಚುಚ್ಚಿದ್ದ ನೈಲ್ ಮುಖಜಭೂಮಿಯಲ್ಲಿ ವೈರಸ್ ಹೆಚ್ಚು, ಕೈರೋ ಅಲೆಕ್ಸಾಂಡ್ರಿಯಾ ನಗರಗಳಲ್ಲಿ ಕಡಿಮೆ. ಸೂಜಿ ಕಾಲದಲ್ಲಿ ಬೆಳೆದ ತಲೆಮಾರಿಗೆ ಹೆಚ್ಚು, ಆಮೇಲೆ ಹುಟ್ಟಿದವರಿಗೆ ಕಡಿಮೆ. ಸೂಜಿ ನಿಂತ ಮೇಲೂ ವೈರಸ್ ನಿಲ್ಲಲಿಲ್ಲ, ಕ್ಲಿನಿಕ್ಕು, ರಕ್ತ ಕೊಡೋದು, ಹಲ್ಲಿನ ಡಾಕ್ಟ್ರು, ಹೀಗೆ ದಾರಿ ಹುಡುಕ್ಕೊಳ್ತು. 2008ರ ಸಮೀಕ್ಷೆಯಲ್ಲಿ 15ರಿಂದ 59 ವಯಸ್ಸಿನವರಲ್ಲಿ 14.7% ಮಂದಿಯ ರಕ್ತದಲ್ಲಿ ಅದರ ಗುರುತಿತ್ತು. ಏಳು ಜನಕ್ಕೆ ಒಬ್ರು!

ಮುಂದಿನದು ನನಗೆ ತುಂಬಾ ಇಷ್ಟದ ಭಾಗ. ಅಮೆರಿಕದಲ್ಲಿ 84,000 ಡಾಲರ್ ಇದ್ದ ಸೊಫೊಸ್ಬುವಿರ್ ಮಾತ್ರೆಯ ಕೋರ್ಸನ್ನ ಈಜಿಪ್ಟ್ ಚೌಕಾಸಿ ಮಾಡಿ 2014ರಲ್ಲಿ 900 ಡಾಲರ್‌ಗೆ ಇಳಿಸಿತು. ಆಮೇಲೆ ದೇಶದಲ್ಲೇ ಇನ್ನೂ ಅಗ್ಗಕ್ಕೆ ತಯಾರಿಸ್ತು. 2018-19ರಲ್ಲಿ ಏಳು ತಿಂಗಳಲ್ಲಿ ಸುಮಾರು 5 ಕೋಟಿ ಜನರ ರಕ್ತ ಪರೀಕ್ಷೆ. ಬೆರಳಿಗೆ ಚುಚ್ಚಿ ಒಂದು ಹನಿ, ಪ್ರತಿಯೊಬ್ಬರಿಗೂ ಹೊಸ ಸೂಜಿ. ಅದೇ ಹಳ್ಳಿಗಳು, ಮತ್ತೆ ಅದೇ ಸರ್ಕಾರ ಸಾಲಲ್ಲಿ ನಿಲ್ಲಿ ಅಂತ ಕರೀತಿದೆ, ಜನ ಬಂದ್ರು. 2023ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿರ್ಮೂಲನೆಯ ದಾರಿಯಲ್ಲಿ ‘ಚಿನ್ನದ ಹಂತ’ ಮುಟ್ಟಿದ ಮೊದಲ ದೇಶ ಅಂತ ಈಜಿಪ್ಟನ್ನ ಘೋಷಿಸ್ತು.

60ರ ದಶಕದ ಆ ಸಾಲಲ್ಲಿ ನಿಂತಿದ್ದ ಮಕ್ಕಳಲ್ಲಿ ಎಷ್ಟೋ ಮಂದಿಗೆ ಆ ಮಾತ್ರೆ ತಲುಪೋ ಹೊತ್ತಿಗೆ ತಡವಾಗಿತ್ತು.

ಮುಂದಿನ ಪೋಸ್ಟಲ್ಲಿ ಬ್ರಹ್ಮಚಾರಿ ಮತ್ತು ಕಾಲಾ ಅಜರ್. ಅಜ್ಜ ಅಜ್ಜಿ ಸಿರಿಂಜ್ ಡಬ್ಬಿ ಬಗ್ಗೆ ಏನಾದ್ರೂ ಹೇಳಿದ್ರೆ ಕೆಳಗೆ ಬರೀರಿ, ಓದ್ತೀನಿ.